ಒಗಿಯೋ ಕೊಡ್ಲಿ, ಕಡಿಯೋ ಕೊಡ್ಲಿ

ನಮ್ಮ ತೊಗರಿ ರಾಶಿ ಮುಗೀತು. ಹತ್ತಿ ಇನ್ನೊಂದು ಸಲ ಬಿಡಸೋದು ಬಾಕಿ ಅದ. ಈ ಸಲ ತೊಗರಿ ಲೆಕ್ಕ ಬರೀತೀನಿ ಅಂತ ಹೇಳಿದ್ದೆ, ಅದು ಮುಂದಿನ ವಾರಕ್ಕ ಇರ್ಲಿ. ಇವತ್ತು ಕೊಡ್ಲಿ ವಿಷಯ. ಹದಿನೈದು ದಿನದಾಗ ಮೂರು ಮಂದಿ ಹುಡುಗರು ಒಂದೇ ಪ್ರಶ್ನೆ ಕೇಳ್ಯಾರ: "ಬಾಳಿಕಿ ಬರೋ ಕೊಡ್ಲಿ ಯಾವ್ದು ತೊಗೋಬೇಕು?" ಇಬ್ಬರು ಹೊಲದಾಗಿನ ಬಳ್ಳಾರಿ ಜಾಲಿ ಕಡಿಯೋರು. ಬ್ಯಾಸಿಗಿ ನೇಗಿಲು ಹೊಡಿಯೋದ್ರಾಗ ಬದು ಸ್ವಚ್ಛ ಮಾಡಬೇಕು ಅಂತ ಅವರ ಗಡಿಬಿಡಿ. ಮೂರನೇದವ ನಮ್ಮ ಅಕ್ಕನ ಮಗ. ಅವನಿಗೆ ಕಡಿಯೋ ಕೊಡ್ಲಿ ಬ್ಯಾಡ, ಒಗಿಯೋ ಕೊಡ್ಲಿ ಬೇಕು!

ನಗಬ್ಯಾಡ್ರಿ, ನಾನೂ ಮೊದಲು ನಕ್ಕೆ. ಹುಡುಗ ಬೆಂಗಳೂರದಾಗ ಕಂಪ್ಯೂಟರ್ ಕಂಪನಿಯೊಳಗ ಇದ್ದಾನ. ಅಲ್ಲಿ ಈಗ ದುಡ್ಡು ಕೊಟ್ಟು ಕೊಡ್ಲಿ ಒಗಿಯೋ ಜಾಗ ಬಂದಾವಂತ. ಒಂದು ತಾಸಿಗೆ ಇಷ್ಟು ಅಂತ ಕಟ್ಟಿ, ಎದುರಿಗೆ ಹಲಗಿ ಮ್ಯಾಲೆ ಬರದ ಗುರಿಗೆ ಸಣ್ಣ ಕೊಡ್ಲಿ ಬೀಸಿ ಒಗಿಯೋದು. ನೆಟ್ಟರ ಅಂಕ, ಬಿದ್ದರ ಇಲ್ಲ. ಎರಡು ಸಲ ಹೋಗಿ ಬಂದು ಇವನಿಗೆ ಅದರ ಹುಚ್ಚು ಹತ್ಯಾದ. ಸಂಕ್ರಾಂತಿಗೆ ಊರಿಗೆ ಬಂದಾಗ ಫೋನಿನಾಗ ಇಪ್ಪತ್ತು ಫೋಟೋ ತೋರಿಸಿದ. "ಮಾಮಾ, ಇವಕ್ಕ ಟೊಮಾಹಾಕ್ ಅಂತಾರ. ಇದ್ರಾಗ ಗಟ್ಟಿ ಯಾವ್ದು ಹೇಳು, ಆರ್ಡರ್ ಹಾಕ್ತೀನಿ" ಅಂದ. ಕರೀ ಬಣ್ಣ ಬಳದದ್ದು, ಹಿಂದ ಮೊಳಿ ಇದ್ದದ್ದು, ಪ್ಲಾಸ್ಟಿಕ್ ಹಿಡಿಕಿದು, ಹಲ್ಲು ಕೊರದದ್ದು. ಬೆಲೆ ಮೂರೂವರಿ ಸಾವಿರ, ನಾಲ್ಕು ಸಾವಿರ. ನೋಡಿದ್ರ ಸಿನಿಮಾದಾಗಿನ ಸಾಮಾನು ಇದ್ದಂಗ ಇದ್ವು.

ನಮ್ಮ ಮನಿಯೊಳಗ ಕೊಡ್ಲಿ ಅಂದ್ರ ಒಗಿಯೋ ವಸ್ತು ಅಲ್ಲ. ಕೈಯಿಂದ ಕೈಗೂ ಕೊಡಂಗಿಲ್ಲ, ನೆಲಕ್ಕ ಇಡಬೇಕು, ಇನ್ನೊಬ್ಬರು ಅಲ್ಲಿಂದ ಎತ್ಕೋಬೇಕು. ನಮ್ಮಪ್ಪ ಕಲಿಸಿದ ಪದ್ಧತಿ. ಆದರೂ ಹುಡುಗನ ಮಾತು ಪೂರ್ತಿ ಕೇಳಿದ ಮ್ಯಾಲೆ ನನಗ ಅನಿಸಿದ್ದು, ಇವನ ಪ್ರಶ್ನೆಗೂ ಜಾಲಿ ಕಡಿಯೋ ಹುಡುಗರ ಪ್ರಶ್ನೆಗೂ ಉತ್ತರ ಬಹಳ ಕಡಿ ಒಂದೇ ಅದ. ಅದಕ್ಕ ಮೂವರಿಗೂ ಸೇರಿಸಿ ಬರೀಲಿಕ್ಕತ್ತೀನಿ.

ಟೊಮಾಹಾಕ್ ಅನ್ನೋದು ಅಮೆರಿಕಾದ ಮೂಲ ನಿವಾಸಿಗಳ ಸಣ್ಣ ಕೊಡ್ಲಿ. ಆ ಹೆಸರು ವರ್ಜೀನಿಯಾ ಕಡಿ ಮಂದಿಯ ಭಾಷಾದಿಂದ ಬಂದದ. ಮೊದಲು ಕಲ್ಲಿನ ತಲಿ, ಯುರೋಪಿನ ವ್ಯಾಪಾರಿಗಳು ಬಂದ ಮ್ಯಾಲೆ ಕಬ್ಬಿಣದ ತಲಿ. ಕಟಿಗಿ ಒಡಿಯೋದು, ಬೇಟಿ, ಜಗಳ, ಎಲ್ಲಾದಕ್ಕೂ ಅದೇ. ಈಗಿನ ಆಟ ಬಹಳ ಹಳೀದಲ್ಲ. 2006ರಾಗ ಕೆನಡಾದ ಟೊರೊಂಟೊದಾಗ ಮನಿ ಹಿತ್ತಲದಾಗ ಗೆಳೆಯರು ಕೂಡಿ ಒಗಿಯೋದು ಸುರು ಮಾಡಿದ್ದು ಬೆಳದು, ಈಗ ದೇಶ ದೇಶಕ್ಕೂ ಹೋಗ್ಯಾದ. ಸಣ್ಣ ಕೊಡ್ಲಿ ಆದ್ರ ಸುಮಾರು 12 ಅಡಿ ದೂರ ನಿಂತು ಒಗೀತಾರ. ಆ 12 ಅಡಿಯೊಳಗ ಕೊಡ್ಲಿ ಗಾಳಿಯೊಳಗ ಸರಿಯಾಗಿ ಒಂದು ಸುತ್ತು ತಿರುಗಿ ಬಾಯಿ ಹಲಗಿಗೆ ನೆಡಬೇಕು. ಶಕ್ತಿ ಆಟ ಅಲ್ಲ ಇದು, ದೂರದ ಅಳತಿ ಆಟ. ಬಾಯಿ ಬದಲು ಕಾವು ಬಡದ್ರ ಅರ್ಧ ಹೆಜ್ಜಿ ಹಿಂದಕ್ಕ ಇಲ್ಲಾ ಮುಂದಕ್ಕ ಸರೀಬೇಕು, ಜೋರು ಹಾಕಬಾರದು. ಇದನ್ನ ಹುಡುಗನೇ ಹೇಳಿದ. ನನಗ ಲೆಕ್ಕ ಸರಿ ಅನಿಸ್ತು.

ಕೊಡ್ಲಿ ಇತಿಹಾಸ ಹುಡುಕಬೇಕಂದ್ರ ಅಮೆರಿಕಾಕ್ಕ ಹೋಗಬೇಕಾಗಿಲ್ಲ ಅಂತ ನಾ ಅವನಿಗೆ ಅಂದೆ. ನಮ್ಮ ಹುಣಸಗಿ, ಬೈಚಬಾಳ ಸೀಮಿ ಅದಲ್ಲ, ಅಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು 1970ರ ದಶಕದಿಂದ ಎಷ್ಟೋ ವರ್ಷ ಹೊಲ ಹೊಲ ತಿರುಗಿ ಆದಿಮಾನವನ ಕಲ್ಲಿನ ಕೈಗೊಡ್ಲಿ ಹುಡುಕ್ಯಾರ. ಹುಣಸಗಿ ಹತ್ತಿರದ ಇಸಾಂಪುರದಾಗ ಅಗದಾಗ ಕಲ್ಲು ಒಡದು ಕೊಡ್ಲಿ ಮಾಡ್ತಿದ್ದ ಜಾಗನೇ ಸಿಕ್ತು. ಕಾಲ ಸುಮಾರು 12 ಲಕ್ಷ ವರ್ಷದ ಹಿಂದಿಂದು ಅಂತ ಲೆಕ್ಕ ಹಾಕ್ಯಾರ. ಅವು ಕಾವು ಇಲ್ಲದ ಕೊಡ್ಲಿ, ಮುಷ್ಟಿಯೊಳಗ ಹಿಡಿಯೋವು. ಅಲ್ಲಿ ನನಗ ಹಿಡಿಸಿದ ವಿಷಯ ಏನಂದ್ರ, ಆ ಮಂದಿ ಸಿಕ್ಕ ಕಲ್ಲು ಎತ್ಕೊಂಡು ಬಡದಿಲ್ಲ. ಸುಣ್ಣದ ಕಲ್ಲಿನ ಹಾಸಿನೊಳಗ ತಮಗ ಬೇಕಾದ ದಪ್ಪ ಇದ್ದ ಹಲ್ಲಿ ಆರಿಸಿ, ಅಂಚು ಮಾತ್ರ ಒಡದು ಚೂಪು ಮಾಡ್ಯಾರ. ಬಡೀಲಿಕ್ಕ ಇನ್ನೂ ಗಟ್ಟಿ ಜಾತಿ ಕಲ್ಲು ಬ್ಯಾರೆ ತಂದಾರ. ಈ ಕೈಗೊಡ್ಲಿ ಒಗೀಲಿಕ್ಕ ಮಾಡಿದ್ದಿರಬಹುದೇನು ಅಂತ ಪರದೇಶದಾಗ ಒಬ್ಬ ವಿದ್ವಾಂಸೆ ಆಫ್ರಿಕಾದ ಒಂದು ಕೈಗೊಡ್ಲಿಯ ಅಚ್ಚು ತೆಗೆದು, ಫೈಬರ್ ಗ್ಲಾಸಿನಾಗ ಮಾಡಿಸಿ, ಆಟಗಾರರ ಕೈಲಿ ಎಸೆಸಿ ನೋಡ್ಯಾಳ. ಬಹಳ ಮಂದಿ ಪಂಡಿತರು ಒಪ್ಪಿಲ್ಲ. ಬೇಟಿ ಸಿಗದು ಕಡಿಯೋ ಸಾಮಾನು ಅದು ಅಂತಾರ. ನನಗೂ ಹಂಗೇ ಅನಸ್ತದ. ಅಷ್ಟು ಕಷ್ಟಪಟ್ಟು ಮಾಡಿದ್ದನ್ನ ಯಾರು ಒಗೀತಾರ?

ಇರ್ಲಿ, ಆರಿಸೋ ವಿಷಯಕ್ಕ ಬರೋಣ.

ನಾಲ್ಕು ವರ್ಷದ ಹಿಂದ ನಮ್ಮ ಬಾಜು ಹೊಲದಾಗ ಜಾಲಿ ಕಡಿಯೋ ಕೆಲಸ ನಡದಿತ್ತು. ಕಡಿಯೋನು ಕೊಡ್ಲಿ ಎತ್ತಿ ಬೀಸಿದಾಗ ತಲಿ ಕಾವು ಬಿಟ್ಟು ಹಾರಿ, ಹದಿನೈದು ಅಡಿ ಆಚಿಗೆ ಕಟಿಗಿ ಹೊರಿ ಕಟ್ಟಲಿಕ್ಕತ್ತಿದ್ದ ಹೆಣ್ಣುಮಗಳ ಮೊಣಕಾಲಿಗೆ ಬಡೀತು. ಕಲಬುರಗಿಗೆ ಒಯ್ದ್ರು, ಆಪರೇಷನ್ ಆಯ್ತು. ಈಗ ನಡೀತಾಳ. ಆದ್ರ ಕುಕ್ಕರಗಾಲಿಲೆ ಕೂತು ಕಳೆ ತೆಗೀಲಿಕ್ಕ ಆಗಂಗಿಲ್ಲ. ಕಳೆ ತೆಗೀಲಿಕ್ಕ ಆಗದ ಹೆಣ್ಣುಮಗಳಿಗೆ ನಮ್ಮ ಕಡಿ ವರ್ಷದಾಗ ಎಷ್ಟು ದಿನ ಕೂಲಿ ಸಿಗ್ತದ ಅಂತ ನಿಮಗೇ ಗೊತ್ತು. ಆ ಕೊಡ್ಲಿ ಹೊಸದು, ಬಾಯಿ ಕ್ಷೌರದ ಕತ್ತಿಯಂಗ ಇತ್ತು. ಪ್ಯಾಟಿಯಾಗ ತಂದು ತಿಂಗಳಾಗಿರಲಿಲ್ಲ. ಕಾವು ಸಡಲ್ಯಾದ ಅಂತ ದಿನಾ ಮುಂಜಾನಿ ಬಕೇಟಿನಾಗ ನೆನಿ ಇಡ್ತಿದ್ರು.

ಅದಕ್ಕ ನಾ ಹೇಳೋದು, ಬಾಯಿ ಆಮ್ಯಾಲೆ ನೋಡ್ರಿ, ಮೊದಲು ಕಾವು ಕೂಡೋ ತೂತು ನೋಡ್ರಿ. ಅಂಗಡಿಯಾಗ ಎಲ್ಲರೂ ಬಾಯಿ ಮ್ಯಾಲೆ ಹೆಬ್ಬಟ್ಟು ಆಡಿಸಿ ನೋಡ್ತಾರ. ಬಾಯಿ ಮೊಂಡಾದ್ರ ಅರ ಹಚ್ಚಿ, ಸಾಣಿ ಹಿಡಿದು ಸುಧಾರಿಸಬಹುದು. ತೂತು ತಪ್ಪಿದ್ರ ಆ ಕೊಡ್ಲಿ ಜಲ್ಮದಾಗ ಸರಿ ಆಗಂಗಿಲ್ಲ.

ತೂತಿನೊಳಗ ಎರಡು ಜಾತಿ. ಒಂದು, ಕಾವು ಕೆಳಗಿಂದ ಹೊಗಸಿ, ಮ್ಯಾಲೆ ಸೀಳಿ ಬೆಣಿ ಹೊಡಿಯೋದು. ಇನ್ನೊಂದು, ನಮ್ಮ ಗುದ್ದಲಿ, ಪಿಕಾಸಿ ಇದ್ದಂಗ: ಕಾವಿನ ಒಂದು ತುದಿ ದಪ್ಪ ಇರ್ತದ, ತೆಳ್ಳನ ತುದಿ ಮ್ಯಾಲಿಂದ ಹಾಕಿ ಕೆಳಗ ಜಗ್ಗೋದು, ದಪ್ಪನ ತುದಿ ಬಂದು ತೂತಿನಾಗ ಬಿಗೀ ಕೂಡ್ತದ. ಬೀಸಿದಷ್ಟೂ ತಲಿ ಆ ದಪ್ಪನ ಕಡಿಗೇ ಓಡ್ತದ, ಅಂದ್ರ ಬಿಗಿ ಆಗ್ತದೇ ವಿನಾ ಹಾರಂಗಿಲ್ಲ. ಸಡಲಾದ್ರ ತಲಿ ಕೆಳಗ ಮಾಡಿ, ಕಾವಿನ ದಪ್ಪ ತುದಿ ಕಲ್ಲಿಗೆ ಎರಡು ಸಲ ಕುಟ್ಟಿದ್ರ ಮತ್ತ ಕೂಡ್ತದ. ನನಗ ಖುಷಿ ಆಗಿದ್ದು ಏನಂದ್ರ, ಹುಡುಗ ತೋರಿಸಿದ ಟೊಮಾಹಾಕ್‌ನೊಳಗೂ ಹಳೇ ಪದ್ಧತಿಯವು ಇದೇ ನಮೂನಿ ಅದಾವ! ಕಾವು ಮ್ಯಾಲಿಂದ ಹೊಗಸೋದು, ಬೆಣಿ ಇಲ್ಲ, ಮೊಳಿ ಇಲ್ಲ. ಸಾವಿರಾರು ಮೈಲಿ ಆಚಿನ ಮಂದಿಗೂ ನಮ್ಮ ಗುದ್ದಲಿ ಮಾಡಿದವನಿಗೂ ಒಂದೇ ವಿಚಾರ ಹೊಳದದ.

ಒಗಿಯೋ ಕೊಡ್ಲಿಗೆ ಇದೇ ಯಾಕ ಬೇಕಂದ್ರ, ಒಗದಾಗ ಕಾವು ಮುರಿಯೋದು ನಿಶ್ಚಯ. ಹೊಸಬರು ಹತ್ತು ಸಲ ಒಗದ್ರ ಆರು ಸಲ ಕಾವೇ ಹಲಗಿಗೆ ಬಡೀತದ. ಎಂಥಾ ಕಟಿಗಿ ಇದ್ರೂ ಎಷ್ಟು ತಡಕೋತದ? ಅದಕ್ಕ ಹುಡುಗನ ತಲಿಯೊಳಗ "ಮುರೀಬಾರದು" ಅಂತ ಕೂತಿತ್ತು. ಪೂರ್ತಿ ಸ್ಟೀಲಿಂದೇ ಒಂದು ತುಂಡು ತೊಗೊಂಡ್ರ ಹೆಂಗ, ಪ್ಲಾಸ್ಟಿಕ್ ಹಿಡಿಕಿಗೆ ಬೋಲ್ಟ್ ಹಾಕಿದ್ದು ಹೆಂಗ ಅಂತ ಕೇಳಿದ. ಬೋಲ್ಟ್ ಇದ್ದದ್ದು ಪೆಟ್ಟಿಗೆ ಪೆಟ್ಟಿಗೆ ಸಡಲ ಆಗ್ತದ. ಪ್ಲಾಸ್ಟಿಕ್ ಒಡದ್ರ ಇಡೀ ಸಾಮಾನು ಮೂಲಿಗೆ. ಪೂರ್ತಿ ಸ್ಟೀಲಿಂದು ಮುರಿಯೋದು ಕಡಿಮಿ, ಖರೆ. ಆದ್ರ ಒಂದು ಸಲ ಡೊಂಕಾದ್ರ ಮನಿಯೊಳಗ ನೆಟ್ಟಗ ಮಾಡ್ಲಿಕ್ಕ ಬರಂಗಿಲ್ಲ. ಕಟಿಗಿ ಕಾವು ಆದ್ರ? ಮುರದ ತುಂಡು ಬಡದು ಹೊರಗ ತೆಗೆದು ಹತ್ತು ನಿಮಿಷದಾಗ ಹೊಸದು ಹಾಕಬಹುದು. ಕಾವು ನಮ್ಮ ಬದುವಿನಾಗೇ ಬೆಳೀತದ. ಬಾಳಿಕಿ ಅಂದ್ರ ನನ್ನ ಲೆಕ್ಕದಾಗ ಇದೇ. ಮುರಿಯೋ ಭಾಗ ಅಗ್ಗದ್ದಿರಬೇಕು, ಅದನ್ನ ನಮ್ಮ ಕೈಲೇ ಮಾಡ್ಕೊಳ್ಳಂಗ ಇರಬೇಕು. ಎತ್ತಿನ ಬಂಡಿ ಹಂಗೇ ಇತ್ತು, ಕೂರಿಗಿ ಹಂಗೇ ಇತ್ತು. ಈಗಿನ ಪಂಪ್‌ಸೆಟ್ ಸ್ಟಾರ್ಟರ್ ಹಂಗಿಲ್ಲ, ಆ ಸುದ್ದಿ ಬ್ಯಾರೆ.

ಜಾಲಿ ಕಡಿಯೋರು ಬೆಣಿ ಜಾತಿದು ತೊಗೊಂಡ್ರೂ ನಡೀತದ, ಆದ್ರ ತೂತು ಮ್ಯಾಲಿನ ಕಡಿ ಸ್ವಲ್ಪ ಅಗಲ ಇರಬೇಕು, ಬೆಣಿ ಹೊಡದಾಗ ಕಾವು ಅಲ್ಲಿ ಅರಳಿ ನಿಲ್ಲಬೇಕು. ಉದ್ದಕ್ಕೂ ಒಂದೇ ಅಗಲ ಇದ್ರ ಬ್ಯಾಡ ಅನ್ರಿ. ಮತ್ತ ಒಂದು ಕಣ್ಣು ಮುಚ್ಚಿ ತೂತಿನೊಳಗಿಂದ ನೋಡ್ರಿ, ಬಾಯಿಗೆ ಸರಿಯಾಗಿ ನಟ್ಟನಡು ಇರಬೇಕು. ಸೊಟ್ಟ ಇದ್ದ ಕೊಡ್ಲಿ ಪ್ರತಿ ಪೆಟ್ಟಿಗೂ ಕೈ ತಿರವ್ತದ. ಈಗ ಕೆಲವು ಕಡಿ ಪೈಪಿನ ತುಂಡಿಗೆ ಕಬ್ಬಿಣದ ಪಟ್ಟಿ ವೆಲ್ಡಿಂಗ್ ಹಚ್ಚಿ, ಬಣ್ಣ ಬಳದು ಮಾರ್ತಾರ. ಬಣ್ಣ ಬಳದಿದ್ರ ಸಂಶಯ ಪಡ್ರಿ. ಒಗಿಯೋದಕ್ಕಂತೂ ಅಂಥಾದ್ದು ಮುಟ್ಟಲೇಬ್ಯಾಡ್ರಿ, ವೆಲ್ಡಿಂಗ್ ಗೆರಿ ಮ್ಯಾಲೇ ಬಿಡ್ತದ.

ಉಕ್ಕಿನ ಮಾತು. ನಮ್ಮ ಕಂಬಾರರು ಲಾರಿ ಕಮಾನ್ ಪಟ್ಟಿ ಬಳಸ್ತಾರ. ಅದಕ್ಕಿಂತ ಒಳ್ಳೇದು ನಮ್ಮ ಕೈಗೆ ಸಿಗೋದು ಕಡಿಮಿ. ಅದರಾಗ ನೂರಕ್ಕ ಅರ್ಧ ಪಾಲಿನ ಮ್ಯಾಲೆ ಸ್ವಲ್ಪ ಕಾರ್ಬನ್ ಇರ್ತದ, ಒಗಿಯೋ ಕೊಡ್ಲಿ ಮಾಡೋ ಕಂಪನಿಗಳೂ ಸುಮಾರು ಅಷ್ಟೇ ಇರೋ ಉಕ್ಕು ಹಾಕ್ತಾವ. ರೈಲು ಹಳಿ ತುಂಡು ಇನ್ನೂ ಗಟ್ಟಿ ಅಂತ ಕೆಲವರು ಕೇಳ್ತಾರ. ಕೇಳಬ್ಯಾಡ್ರಿ. ರೈಲ್ವೆ ಮಾಲು ಮನಿಯೊಳಗ ಸಿಕ್ರ 1966ರ ಕಾಯ್ದೆ ಪ್ರಕಾರ ಕೇಸು, ಮುಂಬೈ-ಚೆನ್ನೈ ಲೈನು ನಮ್ಮ ಯಾದಗಿರಿ ಮ್ಯಾಲೇ ಹೋಗ್ತದ ಅಂತ ಹಳಿ ನಮ್ಮದಾಗಂಗಿಲ್ಲ.

ಉಕ್ಕು ಎಂಥಾದ್ದಿದ್ರೂ ಹದ ಕೊಡೋದ್ರಾಗ ಅದ ಎಲ್ಲಾ. ನಮ್ಮೂರ ಕಂಬಾರ ಅಣ್ಣ ಈ ಕೆಲಸ ಸಂಜಿ ಮುಂದ ಮಾಡ್ತಾನ. ಬಿಸಿಲಾಗ ಕೆಂಡದ ಬಣ್ಣ ತಿಳಿಯಂಗಿಲ್ಲ ಅಂತಾನ. ತಲಿ ಕೆಂಪಗ ಕಾಸಿ, ಬಾಯಿ ಅಷ್ಟೇ ನೀರಾಗ ಅದ್ದತಾನ. ತೆಗೆದು ಕಲ್ಲಿಲೆ ತಿಕ್ಕಿ ಬೆಳ್ಳಗ ಮಾಡಿ ನೋಡ್ಕೋತ ಕೂಡ್ತಾನ. ಹಿಂದಿನ ಕಾವು ಬಾಯಿ ಕಡಿ ಹರಿದು ಬರ್ತಾ ಬಣ್ಣ ಬದಲಾಗ್ತದ: ಮೊದಲು ಜ್ವಾಳದ ದಂಟಿನ ಹಳದಿ, ಆಮ್ಯಾಲೆ ಕಂದು, ಆಮ್ಯಾಲೆ ನೇರಳಿ, ಕಡೀಕ ನೀಲಿ. ಕಲ್ಲು ಕೆತ್ತೋ ಉಳಿ ಆದ್ರ ಹಳದಿಗೇ ನಿಲ್ಲಸ್ತಾನ. ಕೊಡ್ಲಿ ಆದ್ರ ನೇರಳಿ ದಾಟಿ ನೀಲಿ ಬರೋತನಕ ಬಿಟ್ಟು ಪಟ್ಟನೆ ನೀರಿಗೆ ಹಾಕ್ತಾನ. ಹಳದಿಗೇ ನಿಲ್ಲಿಸಿದ್ರ ಬಾಯಿ ಗಾಜಿನಂಗ ಗಟ್ಟಿ, ಆದ್ರ ಜಾಲಿ ಗಂಟಿಗೆ ಬಡದ್ರ ಚಕ್ಕಿ ಏಳ್ತದ. ಒಗಿಯೋ ಕೊಡ್ಲಿ ಇನ್ನೂ ಒಂದು ಕೂದಲು ಮೆತ್ತಗೇ ಇರಬೇಕು, ಯಾಕಂದ್ರ ಅದು ಅಡ್ಡಾದಿಡ್ಡಿ ಬೀಳ್ತದ, ಕಲ್ಲಿಗೆ, ಮೊಳಿಗೆ, ಇನ್ನೊಂದು ಕೊಡ್ಲಿಗೆ ಬಡೀತದ. ಬಾಯಿ ಮಡಚಿದ್ರ ಅರ ಹಾಕಬಹುದು, ಚಕ್ಕಿ ಹಾರಿದ್ರ ಕಣ್ಣಿಗೆ ಬೀಳ್ತದ.

ಅಂಗಡಿಯಾಗ ಪರೀಕ್ಷಾ ಹೆಂಗ? ಕಿಸೆದಾಗ ಒಂದು ಸಣ್ಣ ಅರ ಇಟ್ಕೊಂಡು ಹೋಗ್ರಿ, ಅಂಗಡಿಯವರನ್ನ ಕೇಳೇ ಬಾಯಿ ತುದಿಗೆ ಒಂದು ಸಲ ಎಳೀರಿ. ಅರ ಗಾಜಿನ ಮ್ಯಾಲೆ ಜಾರಿದಂಗ ಜಾರಿದ್ರ ಅತಿ ಗಟ್ಟಿ. ಮೆತ್ತನ ಮೊಳಿ ತಿಂದಂಗ ತಿಂದ್ರ ಅದು ಬರೀ ಕಬ್ಬಿಣ. ಜರ ಕಷ್ಟಪಟ್ಟು ಹಿಡದ್ರ ಅದು ಬೇಕಾದ್ದು. ಬಿಡಲಿಲ್ಲಂದ್ರ ಆ ಅಂಗಡಿ ಬಿಟ್ಟು ಬರ್ರಿ.

ತೂಕದಾಗ ಹೊಸಬರು ಎಲ್ಲರೂ ಒಂದೇ ಕಡಿ ಜಾರ್ತಾರ, ಭಾರ ಇದ್ರ ಜಲ್ದಿ ಕಡೀತದ ಅಂತ. ಎರಡು ಕಿಲೋ ತಲಿ ಮೊದಲ ಅರ್ಧ ತಾಸು ಚೆಂದ. ಆಮ್ಯಾಲೆ ಭುಜ ಸೋತು ಪೆಟ್ಟು ತಪ್ಪಲಿಕ್ಕ ಸುರು, ತಪ್ಪಿದ ಪೆಟ್ಟು ಕಾಲಿಗೇ. ಜಾಲಿ ಕಡೀಲಿಕ್ಕ ಹೊಸಬರಿಗೆ ಸವಾ ಕಿಲೋ ತಲಿ, ಎರಡು ಮೊಳಕ್ಕ ಒಂದು ಗೇಣು ಕಡಿಮಿ ಕಾವು ಸಾಕು. ಗಿಡ್ಡ ಕಾವು ಹಿಡಿಬ್ಯಾಡ್ರಿ. ಪೆಟ್ಟು ತಪ್ಪಿದ್ರ ಉದ್ದ ಕಾವಿಂದು ನೆಲಕ್ಕ ಹೋಗ್ತದ, ಗಿಡ್ಡ ಕಾವಿಂದು ಮೊಣಕಾಲಿಗೆ ಬರ್ತದ. ಒಗಿಯೋದಕ್ಕ ತಲಿ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ, ಕಾವು ಸರಿಯಾಗಿ ಒಂದು ಮೊಳ, ನೆಟ್ಟಗ, ತುದಿಯಾಗ ಗುಬ್ಬಿ ಇಲ್ಲದ್ದು. ಕೈಯಿಂದ ಜಾರಿ ಹೋಗಬೇಕಲ್ಲ ಅದು. ಕಡಿಯೋ ಕೊಡ್ಲಿಗೆ ತುದಿ ದಪ್ಪ ಇರಬೇಕು, ಜಾರಬಾರದು ಅಂತ. ಇದೊಂದೇ ನೋಡ್ರಿ ಎರಡಕ್ಕೂ ಪೂರಾ ಉಲ್ಟಾ.

ಇನ್ನು ಕಾವಿನ ಕಟಿಗಿ. ಕೊಡ್ಲಿ ಕಾವು ಕುಲಕ್ಕ ಮೂಲ ಅಂತ ಹಿರಿಯರ ಗಾದಿ ಅದ, ಗಿಡದ ಕುಲ ಕಡೀಲಿಕ್ಕ ಗಿಡದ್ದೇ ಕಾವು ಬೇಕು. ನಮ್ಮ ಕಡಿ ಕರಿಜಾಲಿ ಒಳ್ಳೇದು, ಬಾರಿ ಗಿಡದ್ದೂ ಆಗ್ತದ. ಸಾಗವಾನಿ ಬಾಗಲಕ್ಕ ಚೆಂದ, ಕಾವಿಗೆ ಬ್ಯಾಡ, ಪೆಟ್ಟಿಗೆ ಪಟಕ್ ಅಂತದ. ಬೇವು ಸಿಗೋದು ಸುಲಭ ಅಂತ ಹಾಕ್ತಾರ, ನನಗ ಸೇರಂಗಿಲ್ಲ. ಯಾವ ಗಿಡ ಆದ್ರೂ ಎಳಿ ನೆಟ್ಟಗ ಒಂದು ತುದಿಯಿಂದ ಇನ್ನೊಂದು ತುದಿತನಕ ಹೋಗಬೇಕು. ಎಳಿ ನಡುವೇ ಅಡ್ಡ ಹಾದು ಹೊರಗ ಬಂದಿದ್ರ ಅಲ್ಲೇ ಮುರೀತದ. ಗಂಟು ಇರಬಾರದು. ಕಾವಿನ ತುದಿ ಕಡಿಂದ ನೋಡಿದ್ರ ಎಳಿ ಗೆರಿ ಬಾಯಿಯ ದಿಕ್ಕಿನಾಗೇ ಇರಬೇಕು.

ಹಸೀ ಕಾವು ಹಾಕಬ್ಯಾಡ್ರಿ. ನೆರಳಾಗ ನಾಲ್ಕಾರು ತಿಂಗಳು ಒಣಗಬೇಕು. ಏಪ್ರಿಲ್-ಮೇ ತಿಂಗಳದಾಗ ನಮ್ಮ ಬಿಸಿಲು ಹೆಂಗಿರ್ತದ ಗೊತ್ತಲ್ಲ, ಹಸೀದಿದ್ದಾಗ ಬಿಗಿ ಕೂತ ಕಾವು ಬ್ಯಾಸಿಗಿಯಾಗ ಕುಗ್ಗಿ ತಲಿ ಗಲಗಲ ಅಂತದ. ಆಗ ಮಂದಿ ಮಾಡೋದು ಏನು? ನೀರಾಗ ನೆನಿ ಇಡೋದು. ಕಟಿಗಿ ಉಬ್ಬಿ ಮುಂಜಾನಿಗೆ ಬಿಗಿ ಅನಸ್ತದ. ಆದ್ರ ಸುತ್ತ ಕಬ್ಬಿಣ ಇದ್ದದ್ದಕ್ಕ ಉಬ್ಬಲಿಕ್ಕ ಜಾಗ ಇಲ್ಲದೆ ಕಟಿಗಿ ಎಳಿ ಜಜ್ಜಿ ಹೋಗ್ತಾವ. ಒಣಗಿದ ಮ್ಯಾಲೆ ಮೊದಲಿಗಿಂತ ಇನ್ನೂ ಸಣ್ಣ ಆಗ್ತದ. ಹಿಂಗ ನಾಲ್ಕು ದಿನ ನೆನಸಿದ್ರ ಒಂದು ದಿನ ನಡು ಹಗಲಾಗ ತಲಿ ಹಾರೇ ಹಾರ್ತದ. ಬಾಜು ಹೊಲದಾಗ ಆಗಿದ್ದು ಅದೇ. ನೀರಿನ ಬದಲು ಅಗಸಿ ಎಣ್ಣಿ ಹಚ್ಚರಿ, ಕುಸುಬಿ ಎಣ್ಣಿನೂ ನಡೀತದ. ಎರಡೂ ಒಣಗೋ ಜಾತಿ ಎಣ್ಣಿ, ಕಟಿಗಿಯೊಳಗ ಇಳಿದು ಗಟ್ಟಿ ಆಗ್ತಾವ. ಶೇಂಗಾ ಎಣ್ಣಿ ಹಚ್ಚಿದ್ರ ಅಂಟಂಟು ಉಳೀತದ. ಪರದೇಶದಾಗೂ ಕೊಡ್ಲಿ ಕಾವಿಗೆ ಅಗಸಿ ಎಣ್ಣಿನೇ ಹಚ್ಚತಾರ. ಎಣ್ಣಿ ಒರಸಿದ ಬಟ್ಟಿ ಮಾತ್ರ ಮುದ್ದಿ ಮಾಡಿ ಮೂಲಿಗೆ ಒಗೀಬ್ಯಾಡ್ರಿ, ಹರವಿ ಒಣಗಸ್ರಿ. ಅಗಸಿ ಎಣ್ಣಿ ಬಟ್ಟಿ ತಾನೇ ಕಾದು ಬೆಂಕಿ ಹತ್ತಿಕೊಳ್ಳೋದು ಉಂಟು.

ಹುಡುಗನ್ನ ಕರಕೊಂಡು ಕಂಬಾರ ಅಣ್ಣನ ಕುಲುಮಿಗೆ ಹೋದೆ. ಮೊದಲು ನಮ್ಮೂರಾಗ ಮೂರು ಕುಲುಮಿ ಇದ್ವು. ವರ್ಷಕ್ಕ ಇಷ್ಟು ಜ್ವಾಳ ಅಂತ ಆಯ ಕೊಡ್ತಿದ್ವಿ. ಕುಡ, ಕುರ್ಪಿ, ಕುಡಗೋಲು ಎಲ್ಲಾ ಅಲ್ಲೇ. ಟ್ರ್ಯಾಕ್ಟರ್ ಬಂತು, ಆಯ ಹೋಯ್ತು, ಈಗ ಒಂದೇ ಉಳದದ. ಅವನ ಮಗ ಜೆಸಿಬಿ ಹೊಡೀತಾನ. ಜಾಲಿ ಬುಡ ಕೀಳಲಿಕ್ಕ ಅದೇ ಜೆಸಿಬಿ ಬರ್ತದ, ತಪ್ಪು ಅನ್ನಂಗಿಲ್ಲ, ಬಳ್ಳಾರಿ ಜಾಲಿ ಮ್ಯಾಲಿಂದ ಕಡದ್ರ ಹತ್ತು ಚಿಗರು ಒಡೀತದ, ನೆಲದೊಳಗಿನ ಬುಡ ಕಿತ್ರೇ ಹೋಗೋದು. 2023ರ ಸೆಪ್ಟೆಂಬರ್‌ದಾಗ ಸುರು ಆದ ಪಿಎಂ ವಿಶ್ವಕರ್ಮ ಯೋಜನಾದಾಗ ಕಂಬಾರರಿಗೆ 15,000 ರೂಪಾಯಿ ಸಾಮಾನಿಗೆ ಕೊಡೋದು ಅದ. ಅರ್ಜಿ ಹಾಕು ಅಂತ ಹೇಳೀನಿ. ನಿಮ್ಮೂರ ಕಂಬಾರರಿಗೂ ಹೇಳ್ರಿ.

ಫೋನಿನಾಗಿನ ಫೋಟೋ ನೋಡಿ ಕಂಬಾರ ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮ್ಯಾಲೆ ಹುಡುಗನ್ನ ಕೇಳಿದ, "ತಮ್ಮಾ, ಇದರ ಹಿಂದಿನ ಮೊಳಿ ಯಾತಕ್ಕ?" ಹುಡುಗನಿಗೆ ಗೊತ್ತಿರಲಿಲ್ಲ. "ಯಾತಕ್ಕ ಅಂತ ಗೊತ್ತಿಲ್ಲದ್ದು ಬಿಟ್ಟು ಮಾಡ್ತೀನಿ" ಅಂದ. ಕಮಾನ್ ಪಟ್ಟಿ ಮಡಚಿ ತೂತು ಮಾಡಿ, ಬಾಯಿ ನಾಲ್ಕು ಬೆರಳು ಅಗಲ ಬಡದು, ಮ್ಯಾಲಿನ ಮೂಲಿ ಸ್ವಲ್ಪ ಎತ್ತರ ಬಿಟ್ಟು, ಅರ್ಧ ಕಿಲೋಕ್ಕ ಜರ ಹೆಚ್ಚು ಬರಂಗ ಮಾಡಿದ. ಆರು ನೂರು ರೂಪಾಯಿ ಕೇಳಿದ, ಕೊಟ್ವಿ. ಚೌಕಾಸಿ ಮಾಡಲಿಲ್ಲ. ತೂತು ಕೂಡಿದ ಕಡಿ ಬೆಸಿಗಿ ಬಿರುಕು ಅದ ಏನು ಅಂತ ನಾ ತಿರಿಗಿಸಿ ನೋಡಿದ್ದಕ್ಕ ಸಿಟ್ಟಾಗಲಿಲ್ಲ, "ನೋಡ್ಕೋ, ನೋಡ್ಕೋ, ನೋಡಿ ತೊಗೊಳ್ಳೋರೇ ಕಡಿಮಿ ಆಗ್ಯಾರ" ಅಂದ.

ಕಾಯ್ದೆ ಮಾತೊಂದು. 1959ರ ಶಸ್ತ್ರಾಸ್ತ್ರ ಕಾಯ್ದೆಯೊಳಗ ಬರೀ ಮನಿ, ಒಕ್ಕಲುತನಕ್ಕ ಮಾಡಿದ ಸಾಮಾನು ಆಯುಧದ ಲೆಕ್ಕಕ್ಕ ಬರಂಗಿಲ್ಲ. ಆದ್ರ 2016ರ ನಿಯಮದ ಪಟ್ಟಿಯೊಳಗ ಯುದ್ಧದ ಕೊಡ್ಲಿ ಅಂತ ಹೆಸರು ಹಾಕೇ ಬರದಾರ, ಬಾಯಿ ಎರಡು ಇಂಚಿಗಿಂತ ಅಗಲ ಇದ್ದದ್ದರ ಮಾತೂ ಅದ. ನಮ್ಮ ಕೊಡ್ಲಿ ಹೆಗಲ ಮ್ಯಾಲೆ ಇಟ್ಕೊಂಡು ಹೊಲಕ್ಕ ಹೋದ್ರ ಯಾರೂ ಕೇಳಂಗಿಲ್ಲ. ಅದೇ ಹಲ್ಲು, ಮೊಳಿ ಇದ್ದ ಕರೀ ಟೊಮಾಹಾಕ್ ಚೀಲದಾಗ ಇಟ್ಕೊಂಡು ರಾತ್ರಿ ಬಸ್ಸಿನಾಗ ಬಂದ್ರ ಪೊಲೀಸರು ಕೇಳೇ ಕೇಳ್ತಾರ, ಒಕ್ಕಲುತನಕ್ಕ ಅಂದ್ರ ನಂಬೋದು ಕಷ್ಟ. ನಮ್ಮ ಸೀಮಿಯೊಳಗ ಆಯುಧ ಅಂದ್ರ ಸಣ್ಣ ಮಾತಲ್ಲ. 1857ರಾಗ ಆಯುಧ ಒಪ್ಪಿಸ್ರಿ ಅಂದಿದ್ದಕ್ಕ ಹಲಗಲಿ ಬೇಡರು ತಿರುಗಿ ಬಿದ್ರು, ಮರುವರ್ಷ ಸುರಪುರದಾಗ ರಾಜಾ ವೆಂಕಟಪ್ಪ ನಾಯಕರ ಹೋರಾಟ. ಅದು ರಾಜ್ಯದ ಪ್ರಶ್ನೆ. ಆಟದ ಸಾಮಾನಿಗೆ ಠಾಣಾದಾಗ ಕೂಡೋದು ಯಾಕ ಬೇಕು? ಬಾಯಿಗೆ ದಪ್ಪ ಚರ್ಮದ ಹೊದಿಕಿ ಹಾಕಿ, ಚೀಲದ ತಳದಾಗ ಇಟ್ಟು ಒಯ್ಯಿ ಅಂದೀನಿ.

ಒಗೀಲಿಕ್ಕ ಜಾಗ ಹೊಲದಾಗೇ ಮಾಡೀವಿ. ಹಿಂದ ಬಾವಿಯ ಮಣ್ಣಿನ ದಿಬ್ಬ, ಎರಡು ಆಳು ಎತ್ತರ. ಗುರಿಗೆ ಜಾಲಿ ದಿಂಡು ಇಟ್ಟಿದ್ದ, ನಾ ತೆಗಿಸಿದೆ. ಗಟ್ಟಿ ಕಟಿಗಿಗೆ ಒಗದ್ರ ಕೊಡ್ಲಿ ಪುಟದು ವಾಪಸ್ ಬರ್ತದ. ನುಗ್ಗಿ ದಿಂಡು ಅಡ್ಡ ಕೊಯ್ದು, ಕೊಯ್ದ ಮುಖ ಎದುರಿಗೆ ಬರಂಗ ನಿಲ್ಲಿಸಿದ್ರ ಬಾಯಿ ಎಳಿ ನಡುವೆ ಹೊಕ್ಕು ನಿಲ್ತದ. ರಾತ್ರಿ ಮ್ಯಾಲೆ ನೀರು ಹೊಡದು ಹಸೀ ಇಟ್ರ ಇನ್ನೂ ಚಲೋ. ನಿಂತ ಗಿಡಕ್ಕ ಒಗಿಯೋದು ಬ್ಯಾಡಂತ ಕಟ್ಟುನಿಟ್ಟಾಗಿ ಹೇಳೀನಿ, ಬೇವಿಗಂತೂ ಅವರಜ್ಜಿ ಬಿಡಂಗೂ ಇಲ್ಲ. ಒಗಿಯೋನ ಹಿಂದ, ಬಾಜು, ಯಾರೂ ನಿಲ್ಲಬಾರದು. ಒಗದ ಕೊಡ್ಲಿ ನಡದು ಹೋಗಿ ಕಿತ್ತು ತಂದ ಮ್ಯಾಲೇ ಇನ್ನೊಬ್ಬರ ಪಾಳಿ. ಹುಡುಗರು ಸೇರ್ತಾರ ಅಂತ ಮುಂಜಾನಿ ಸಾಲಿ ಹೊತ್ತಿನಾಗ ಮಾತ್ರ.

ನಾಲ್ಕು ದಿನದಾಗ ಎರಡು ಕಾವು ಮುರದ. ಮೂರನೇದ್ದು ತಾನೇ ಕೆತ್ತಿ ಹಾಕಿದ, ನಾ ಕೈ ಹಚ್ಚಲಿಲ್ಲ. ಈಗ ಹತ್ತಕ್ಕ ನಾಲ್ಕು ನೆಡ್ತಾವ. ಬೆಂಗಳೂರಿಗೆ ಹೋಗುವಾಗ ಐದು ಕರಿಜಾಲಿ ಕಾವು ಕಟ್ಟಿ ಕೊಟ್ಟೀನಿ.

ಜಾಲಿ ಕಡಿಯೋ ಇಬ್ಬರು ತಮ್ಮಂದಿರಿಗೆ: ನಮ್ಮ ಅಟ್ಟದ ಮ್ಯಾಲೆ ಹೋದ ಆಷಾಢದಾಗ ಕಡದಿಟ್ಟ ಹನ್ನೊಂದು ಕಾವು ಒಣಗಿ ತಯಾರ ಅದಾವ, ಉದ್ದನ್ನವು. ಬೇಕಾದ್ರ ಬಂದು ಆರಿಸ್ಕೊಳ್ರಿ, ರೊಕ್ಕ ಬ್ಯಾಡ. ಬರುವಾಗ ನಿಮ್ಮ ಕೊಡ್ಲಿ ತಲಿ ತರ್ರಿ, ತೂತಿಗೆ ಕೂಡಿಸಿ ನೋಡೇ ಕೊಡ್ತೀನಿ. ಸೋಮವಾರ ಮನಿಯಾಗ ಇರಂಗಿಲ್ಲ, ಹತ್ತಿ ಒಯ್ಯೋದದ.